ಇಪ್ಪತ್ತು ಮಿಲಿಮೀಟರಿನ ಓಡಾಟ



ತುಮಕೂರಿನ ಶಿರಾ ಗೇಟ್ ದಾಟಿ ಶಿರಾ ಕಡೆ ಹೊರಟವರಿಗೆ ಮೊದಲು ಸಿಗುವುದು ಅಂತರಸನಹಳ್ಳಿ. ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಫುಡ್ ಪಾರ್ಕ್ ಇರುವುದು ಅಲ್ಲೇ. ಊರಿನ ಇನ್ನೊಂದು ಮಗ್ಗುಲಲ್ಲಿ, ಗುಬ್ಬಿ ರಸ್ತೆಯ ಮಲ್ಲಸಂದ್ರದಲ್ಲಿ, ಜಿಲ್ಲೆಯ ಹಳ್ಳಿಹಳ್ಳಿಗಳ ಹಾಲು ಬಂದು ಸೇರುವ ಡೇರಿ. ಹಾಲು ಕಾಯಿಸಲು ಉಗಿ ಬೇಕು, ಕುಸುಬಲಕ್ಕಿಗೆ ಭತ್ತ ಬೇಯಿಸಲು ಉಗಿ ಬೇಕು, ಹಣ್ಣಿನ ತಿರುಳನ್ನು ಗಟ್ಟಿ ಮಾಡಲೂ ಉಗಿ ಬೇಕು. ಉಗಿ ಇದ್ದಲ್ಲಿ ಕೊಳವೆ, ಕೊಳವೆ ಇದ್ದಲ್ಲಿ ವಾಲ್ವ್. ಅವುಗಳಲ್ಲಿ ಕೆಲವಕ್ಕೆ ತಿರುಗಿಸುವ ಚಕ್ರವೇ ಇರುವುದಿಲ್ಲ. ತಲೆಯ ಮೇಲೆ ಮುಚ್ಚಿದ ಬಾಂಡಲಿಯಂಥ ಡಬ್ಬಿ, ಪಕ್ಕದಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಗೆ ಗಾಳಿಯ ನಳಿಗೆ ಮತ್ತು ಒಂದು ಜೋಡಿ ವೈರು. ಬಂದ ಸೂಚನೆಯಂತೆ ಕೂದಲೆಳೆಯಷ್ಟು ತೆರೆದು ಕೂದಲೆಳೆಯಷ್ಟು ಮುಚ್ಚುವ ಈ ಸಾಧನಕ್ಕೆ ಕಾರ್ಖಾನೆಯವರ ಬಾಯಲ್ಲಿ ಕಂಟ್ರೋಲ್ ವಾಲ್ವ್ ಎಂದು ಹೆಸರು.

ಇವತ್ತಿನ ಮಾತು ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಕೆಲಸದ ಬಗ್ಗೆ.

ಶಿರಾ ಗೇಟಿನ ಕಡೆಯ ಒಂದು ವರ್ಕ್‌ಶಾಪನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೊರಗೆ ಲಾರಿಗಳ ಸದ್ದು. ಒಳಗೆ ಒಂದು ಮೇಜು, ಅದರ ಮೇಲೆ ಹಾಸಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಚ್ಚಿಟ್ಟ ಎರಡು ಇಂಚಿನ ವಾಲ್ವ್. ಬಾಡಿ, ಮೇಲಿನ ಬಾನೆಟ್, ಕೋಲಿನಂಥ ಸ್ಟೆಮ್, ಸ್ಟೆಮ್ಮಿನ ತುದಿಗೆ ಬುಗುರಿಯಂಥ ಪ್ಲಗ್, ಪ್ಲಗ್ ಬಂದು ಕೂರುವ ಬಳೆಯಂಥ ಸೀಟ್. ಇಷ್ಟೂ ಸಾಮಾನು ಎಡದಿಂದ ಬಲಕ್ಕೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿವೆ. ಜೋಡಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಮೇಜಿನ ಮುಂದೆ ಮೇಸ್ತ್ರಿ, ಪಕ್ಕದಲ್ಲಿ ಐಟಿಐ ಮುಗಿಸಿ ಬಂದ ಹುಡುಗ. ಇಂಥ ವಾಲ್ವಿನ ಪ್ಲಗ್ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯುವ ಸ್ಥಿತಿಯವರೆಗೆ ಚಲಿಸುವ ದೂರ ಸುಮಾರು 20 ಮಿಲಿಮೀಟರ್, ಹೆಬ್ಬೆರಳಿನ ಅಗಲ. ಕೆಲಸವೆಲ್ಲ ಇಷ್ಟು ಓಡಾಟ ಸಲೀಸಾಗಿ, ಹೇಳಿದಂತೆ, ಸೋರದೆ ನಡೆಯಲಿ ಎಂಬುದಕ್ಕಾಗಿಯೇ.

ತುಮಕೂರು ಸೀಮೆಗೆ ಈ ತತ್ವ ಹೊಸದಲ್ಲ. ಕೆರೆಯ ತೂಬನ್ನು ನೋಡಿದವರಿಗೆ ವಾಲ್ವಿನ ಅರ್ಧ ಪಾಠ ಆಗಲೇ ಗೊತ್ತು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ಕಂಬಗಳ ನಡುವೆ ತೂತು ಕೊರೆದ ಅಡ್ಡಹಾಸುಗಲ್ಲು, ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಕೋಲು, ಕೋಲಿನ ತುದಿಗೆ ಬೆಣೆ. ತಳದ ಕಲ್ಲಿನ ಕಂಡಿಯಲ್ಲಿ ಬೆಣೆ ಕೂತರೆ ನೀರು ನಿಂತಿತು, ಎತ್ತಿದರೆ ಗದ್ದೆಗೆ ಹರಿಯಿತು. ಬೆಣೆಯೇ ಪ್ಲಗ್, ಕಂಡಿಯೇ ಸೀಟ್, ಕೋಲೇ ಸ್ಟೆಮ್. ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ತುಮಕೂರಿನ ನಲ್ಲಿಗಳಿಗೆ ಹರಿಯುವ ಈ ಕಾಲದಲ್ಲೂ ಗ್ರಾಮ ಪಂಚಾಯಿತಿಗಳಲ್ಲಿ ನೀರು ಬಿಡುವ ನೌಕರನಿಗೆ ನೀರುಗಂಟಿ ಎಂಬ ಹೆಸರೇ ಉಳಿದಿದೆ.

ಕೈ ಹಚ್ಚದೆ ಹರಿವನ್ನು ಹತೋಟಿಯಲ್ಲಿಡುವ ಯೋಚನೆಯೂ ಈ ನೆಲದವರಿಗೆ ಪರಿಚಿತ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಒಂದು ಮಟ್ಟ ಮುಟ್ಟಿದರೆ ಗೇಟು ತಾನೇ ತೆರೆಯುವ ಏರ್ಪಾಟು ಅದು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯ ಹೆಸರಾಗಿರುವುದೇ ಅದರ ಸೈಫನ್‌ಗಳಿಂದ. ನೀರು ಗೊತ್ತುಪಡಿಸಿದ ಎತ್ತರ ತಲುಪಿದ ಕೂಡಲೆ, ಯಾರೂ ಬಂದು ಗೇಟು ಎತ್ತದೆ, ಹೆಚ್ಚಾದದ್ದು ಹೊರಗೆ ಹರಿಯುತ್ತದೆ.

ಕಾರ್ಖಾನೆಯ ವಾಲ್ವಿನ ಕಥೆಗೆ ಅಮೆರಿಕದ ಅಯೋವಾ ರಾಜ್ಯದ ಮಾರ್ಷಲ್‌ಟೌನ್‌ವರೆಗೆ ಹೋಗಬೇಕು. ಆ ಊರಿಗೆ ದೊಡ್ಡ ಬೆಂಕಿ ಬಿದ್ದಾಗ ನೀರಿನ ಒತ್ತಡ ಇಳಿಯದಂತೆ ವಿಲಿಯಂ ಫಿಶರ್ ಎಂಬ ಎಂಜಿನಿಯರ್ ಉಗಿ ಪಂಪುಗಳ ಮುಂದೆ ನಿಂತು, ಕೈಯಿಂದಲೇ ಉಗಿಯನ್ನು ಹೆಚ್ಚು ಕಡಿಮೆ ಮಾಡುತ್ತ ರಾತ್ರಿ ಕಳೆದರೆಂದು ಅವರು ಕಟ್ಟಿದ ಕಂಪನಿಯ ಇತಿಹಾಸ ಹೇಳುತ್ತದೆ. 1880ರಲ್ಲಿ ಅವರು ಆ ಕೆಲಸವನ್ನು ತಾನೇ ಮಾಡುವ ಒತ್ತಡ ನಿಯಂತ್ರಕವನ್ನು ರೂಪಿಸಿದರು. ಫಿಶರ್ ಎಂಬ ಹೆಸರು ಇವತ್ತಿಗೂ ವಾಲ್ವುಗಳ ಮೇಲೆ ಅಚ್ಚಾಗಿ ಬರುತ್ತಿದೆ.

ವಾಲ್ವಿಗೆ ಸೂಚನೆ ಹೋಗುವುದು ಹೇಗೆ? ಹಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 15 ಸೆಕೆಂಡ್ ಅದೇ ಬಿಸಿಯಲ್ಲಿ ಹಿಡಿಯುತ್ತಾರೆ. ಹಾಲನ್ನು ಕಾಯಿಸುವುದು ಬಿಸಿನೀರು, ನೀರನ್ನು ಕಾಯಿಸುವುದು ಉಗಿ. ತಾಪಮಾಪಕ ನೋಡಿ ಹೇಳಿದ್ದನ್ನು ಕಂಟ್ರೋಲರ್ ಲೆಕ್ಕ ಹಾಕಿ, 4ರಿಂದ 20 ಮಿಲಿಆಂಪಿಯರ್‌ವರೆಗಿನ ವಿದ್ಯುತ್ ಸಂಕೇತವಾಗಿ ಉಗಿ ವಾಲ್ವಿಗೆ ಕಳಿಸುತ್ತದೆ. ನಾಲ್ಕು ಬಂದರೆ ಮುಚ್ಚು, ಇಪ್ಪತ್ತು ಬಂದರೆ ಪೂರ್ತಿ ತೆರೆ, ಹನ್ನೆರಡು ಬಂದರೆ ನಡುವೆ ನಿಲ್ಲು. ಸೊನ್ನೆಯಿಂದ ಶುರುಮಾಡದೆ ನಾಲ್ಕರಿಂದ ಶುರುಮಾಡಿದ್ದರಲ್ಲಿ ಜಾಣತನವಿದೆ. ಸೊನ್ನೆ ಬಂತೆಂದರೆ ಅದು ಸೂಚನೆಯಲ್ಲ, ವೈರು ತುಂಡಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಪಕ್ಕದ ಪೆಟ್ಟಿಗೆಗೆ ಪೊಸಿಷನರ್ ಎಂದು ಹೆಸರು. ಅದು ಬಂದ ಸಂಕೇತವನ್ನೂ ಸ್ಟೆಮ್ ನಿಂತ ಜಾಗವನ್ನೂ ತಾಳೆ ನೋಡಿ, ಎರಡೂ ಕೂಡುವವರೆಗೆ ಮೇಲಿನ ಡಬ್ಬಿಗೆ ಗಾಳಿ ತುಂಬುತ್ತದೆ ಅಥವಾ ಬಿಡುತ್ತದೆ. ಡಬ್ಬಿಯೊಳಗೆ ರಬ್ಬರಿನ ಡಯಾಫ್ರಾಮ್, ಅದಕ್ಕೆ ಎದುರಾಗಿ ಸ್ಪ್ರಿಂಗ್. ಗಾಳಿ ಒತ್ತುತ್ತದೆ, ಸ್ಪ್ರಿಂಗ್ ತಳ್ಳುತ್ತದೆ. ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಪ್ಲಗ್ ಅಲ್ಲಿ ನಿಲ್ಲುತ್ತದೆ.

ಕರೆಂಟು ಹೋಗಿ ಕಂಪ್ರೆಸರ್ ನಿಂತು ಗಾಳಿಯೇ ಇಲ್ಲವಾದರೆ ಸ್ಪ್ರಿಂಗ್ ಗೆಲ್ಲುತ್ತದೆ. ಹೀಗಾಗಿ ಉಗಿಯ ವಾಲ್ವಿನಲ್ಲಿ ಗಾಳಿ ಹೋದರೆ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಕೂರಿಸುತ್ತಾರೆ. ತಂಪು ನೀರಿನ ವಾಲ್ವಿನಲ್ಲಿ ಸಾಮಾನ್ಯವಾಗಿ ಇದು ತಿರುಗಾಮುರುಗಾ, ಗಾಳಿ ಹೋದರೆ ತೆರೆದುಕೊಳ್ಳಬೇಕು. ಡೇರಿಯಲ್ಲಿ ಇನ್ನೊಂದು ಕಾವಲೂ ಇದೆ. ಹಾಲಿನ ಬಿಸಿ ನಿಗದಿಗಿಂತ ಇಳಿದರೆ ಬೇರೊಂದು ವಾಲ್ವ್ ಹಾಲನ್ನು ಮುಂದಕ್ಕೆ ಬಿಡದೆ ಮೊದಲಿನ ತೊಟ್ಟಿಗೇ ತಿರುಗಿಸುತ್ತದೆ. ಬೆಳಗ್ಗೆ ಮನೆ ಬಾಗಿಲಿಗೆ ಬರುವ ಪ್ಯಾಕೆಟ್ಟಿನ ಹಿಂದೆ ಇಷ್ಟೆಲ್ಲ ಕಾವಲು ಇರುತ್ತದೆ. ಜೋಡಿಸುವವನು ಸ್ಪ್ರಿಂಗನ್ನು ಅದಲುಬದಲು ಮಾಡಿದರೆ ಈ ಕಾವಲೇ ತಲೆಕೆಳಗಾದೀತು.

ಬಿಚ್ಚುವ ಮೊದಲು ಮಾಡಬೇಕಾದ ಕೆಲಸಗಳಿವೆ. ವಾಲ್ವಿನ ಆಚೀಚೆಯ ಕೈವಾಲ್ವುಗಳನ್ನು ಮುಚ್ಚಿ ಬೀಗ ಹಾಕಿ ಚೀಟಿ ಕಟ್ಟಬೇಕು. ಕಾರ್ಖಾನೆ ನಿಲ್ಲಬಾರದೆಂದರೆ ಪಕ್ಕದ ಬೈಪಾಸ್ ದಾರಿಯಲ್ಲಿ ಉಗಿಯನ್ನು ಕೈಯಿಂದ ನಡೆಸಬೇಕು. ನಡುವೆ ಸಿಕ್ಕಿದ ಉಗಿ ಪೂರ್ತಿ ಹೊರಹೋಗಿ, ಲೋಹ ತಣ್ಣಗಾಗಬೇಕು. ಡಯಾಫ್ರಾಮ್ ಡಬ್ಬಿಯ ಅಂಚಿನ ಬೋಲ್ಟುಗಳಲ್ಲಿ ಕೆಲವು ಗಿಡ್ಡ, ಎರಡು ಮೂರು ಉದ್ದ ಇರುವ ಮಾದರಿಗಳಿವೆ. ಉದ್ದನೆಯವು ಒಳಗೆ ಬಿಗಿಯಾಗಿ ಕೂತ ಸ್ಪ್ರಿಂಗನ್ನು ನಿಧಾನವಾಗಿ ಸಡಿಲಿಸುವುದಕ್ಕೆಂದೇ ಇವೆ. ಗಿಡ್ಡ ಬೋಲ್ಟುಗಳನ್ನು ಮೊದಲು ತೆಗೆದು, ಉದ್ದನೆಯವನ್ನು ಕೊನೆಯಲ್ಲಿ ಒಂದೊಂದೇ ಸುತ್ತು ಸರದಿಯಾಗಿ ಬಿಡಬೇಕು. ಅವಸರಪಟ್ಟರೆ ಮುಚ್ಚಳ ಸಿಡಿದು ಮುಖಕ್ಕೆ ಬಡಿಯುತ್ತದೆ. ಎರಡು ಭಾಗ ಕೂಡುವ ಅಂಚಿನಲ್ಲಿ ಪಂಚಿನಿಂದ ಒಂದು ಗುರುತು ಹೊಡೆಯುವುದು ಹಳಬರ ಪದ್ಧತಿ. ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಎರಡೂ ಬೇಕು.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಅದರ ಮೈಮೇಲೆ ಅದು ಸವೆಸಿದ ದಿನಗಳೆಲ್ಲ ಬರೆದಿರುತ್ತವೆ. ಸೀಟಿಗೆ ತಾಗುವ ಅಂಚಿನಲ್ಲಿ ತಂತಿ ಎಳೆದಂಥ ಸಣ್ಣ ಗೀರುಗಳಿದ್ದರೆ, ವಾಲ್ವ್ ಬಹಳ ಕಾಲ ಬಿರುಕಿನಷ್ಟೇ ತೆರೆದು ದುಡಿದಿದೆ, ಆ ಸಂದಿಯಲ್ಲಿ ನುಗ್ಗಿದ ಉಗಿ ಉಕ್ಕನ್ನೇ ಕೊರೆದಿದೆ ಎಂದು ಅರ್ಥ. ಕಾರಣ ಹುಡುಕಿದರೆ, ಕೆಲಸಕ್ಕೆ ಬೇಕಾದ್ದಕ್ಕಿಂತ ದೊಡ್ಡ ವಾಲ್ವ್ ಹಾಕಿರುವುದು ಎಷ್ಟೋ ಸಲ ಕಾಣುತ್ತದೆ. ನೀರಿನ ವಾಲ್ವಿನಲ್ಲಿ ಪ್ಲಗ್ಗಿನ ಮೈ ಸುಟ್ಟ ಇದ್ದಿಲಿನಂತೆ ಒರಟಾಗಿ ಗುಳಿಬಿದ್ದಿದ್ದರೆ ಅದು ಗುಳ್ಳೆಗಳ ಪೆಟ್ಟು. ಇಕ್ಕಟ್ಟಿನಲ್ಲಿ ವೇಗ ಹೆಚ್ಚಿ ಒತ್ತಡ ಕುಸಿದಾಗ ನೀರಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಮುಂದೆ ಒತ್ತಡ ಮರಳಿದಾಗ ಅವು ಒಡೆಯುತ್ತ ಲೋಹಕ್ಕೆ ಬಡಿಯುತ್ತವೆ. ಅಂಥ ವಾಲ್ವಿನ ಒಳಗಿಂದ ಕಲ್ಲುಮಣ್ಣು ಹರಿದಂಥ ಸದ್ದು ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡದೆ ಬಳಸಿದಲ್ಲಿ ಬಿಳಿಯ ಸುಣ್ಣದ ಪೊರೆ ಸ್ಟೆಮ್ಮಿಗೂ ಹತ್ತಿರುತ್ತದೆ.

ಜೋಡಣೆ ಶುರುವಾಗುವುದು ಸೀಟಿನಿಂದ. ಗೀರು ಸಣ್ಣದಿದ್ದರೆ ಪ್ಲಗ್ಗಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಸೀಟಿನ ಮೇಲಿಟ್ಟು, ಅಂಗೈಗಳ ನಡುವೆ ಕಡೆಗೋಲಿನಂತೆ ಅತ್ತಿತ್ತ ತಿರುಗಿಸುತ್ತಾರೆ. ಆಗಾಗ ಎತ್ತಿ, ಸ್ವಲ್ಪ ತಿರುಗಿಸಿ ಇಟ್ಟು, ಮತ್ತೆ ಅರೆಯುತ್ತಾರೆ. ಮೊದಲು ಒರಟು ಪೇಸ್ಟ್, ಆಮೇಲೆ ನಯವಾದದ್ದು. ಎಷ್ಟು ಅರೆಯಬೇಕೆಂಬುದರಲ್ಲೇ ಅನುಭವ ಇರುವುದು. ಪ್ಲಗ್ಗಿನ ಇಳಿಜಾರಿಗೂ ಸೀಟಿನ ಇಳಿಜಾರಿಗೂ ಬೇಕೆಂದೇ ತುಸು ವ್ಯತ್ಯಾಸ ಇಟ್ಟಿರುವ ವಾಲ್ವುಗಳಿವೆ. ಅವೆರಡೂ ಕೂಡುವುದು ಒಂದು ತೆಳುಗೆರೆಯಲ್ಲಿ. ಒತ್ತಡವೆಲ್ಲ ಅಲ್ಲೇ ಬಿದ್ದು ಬಿಗಿಯಾಗಿ ಮುಚ್ಚುತ್ತದೆ. ಹುರುಪಿನಲ್ಲಿ ಹೆಚ್ಚು ಅರೆದರೆ ಗೆರೆ ಅಗಲವಾಗಿ ಪಟ್ಟಿಯಾಗುತ್ತದೆ, ಬಿಗಿ ಸಡಿಲುತ್ತದೆ.

ಪೇಸ್ಟನ್ನೆಲ್ಲ ತೊಳೆದ ಮೇಲೆ ನೀಲಿ ಪರೀಕ್ಷೆ. ಪ್ಲಗ್ಗಿನ ಅಂಚಿಗೆ ನೀಲಿ ಬಣ್ಣವನ್ನು ಉಸಿರಿನಷ್ಟು ತೆಳ್ಳಗೆ ಹಚ್ಚಿ, ಸೀಟಿನ ಮೇಲೆ ನೇರ ಇಳಿಸಿ, ಎತ್ತಿ ನೋಡುತ್ತಾರೆ. ಸೀಟಿನ ಸುತ್ತ ನೀಲಿ ಉಂಗುರ ಎಲ್ಲೂ ತುಂಡಾಗದೆ ಮೂಡಬೇಕು.

"ಅಣ್ಣ, ಇಲ್ಲಿ ಒಂಚೂರು ಬಿಟ್ಟೈತೆ."

"ಎಷ್ಟು?"

"ಸಾಸಿವೆ ಕಾಳಷ್ಟು."

"ಅಷ್ಟು ಸಾಕು ಕಣೋ ಸೋರಕ್ಕೆ. ತಿರುಗ ಹಿಡಿ."

ಮೇಸ್ತ್ರಿಯ ಮಾತು ಅತಿಯಲ್ಲ. ಲೋಹಕ್ಕೆ ಲೋಹ ಕೂರುವ ವಾಲ್ವುಗಳಿಗೆ ಸಾಮಾನ್ಯವಾಗಿ ಒಪ್ಪುವ ಸೋರಿಕೆಯ ನಾಲ್ಕನೆಯ ದರ್ಜೆಯಲ್ಲಿ, ಮುಚ್ಚಿದಾಗಿನ ಸೋರಿಕೆ ವಾಲ್ವ್ ಪೂರ್ತಿ ತೆರೆದಾಗ ಹರಿಯುವ ಪ್ರಮಾಣದ 0.01 ಶೇಕಡಾ ಮೀರುವಂತಿಲ್ಲ. ಹತ್ತು ಸಾವಿರ ಕೊಡ ಹರಿಯುವಲ್ಲಿ ಒಂದು ಕೊಡ.

ಮುಂದೆ ಗ್ಯಾಸ್ಕೆಟ್. ಬಾಡಿಗೂ ಬಾನೆಟ್ಟಿಗೂ ನಡುವೆ ಕೂರುವ ಈ ಬಿಲ್ಲೆ ಒಮ್ಮೆ ಒತ್ತಿದ್ದು ಒತ್ತಿದ್ದೇ. ಬಿಚ್ಚಿದಾಗ ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಅದರ ಸ್ಥಿತಿಸ್ಥಾಪಕ ಗುಣ ಮುಗಿದಿರುತ್ತದೆ. ಅದನ್ನೇ ಮತ್ತೆ ಹಾಕಿದರೆ ಆ ಹೊತ್ತಿಗೆ ಸುಮ್ಮನಿದ್ದು, ಉಗಿಯ ಬಿಸಿ ಏರಿದ ಮೇಲೆ ಒಂದು ಮೂಲೆಯಲ್ಲಿ ಸೀಟಿ ಹೊಡೆಯಲು ಶುರುಮಾಡುತ್ತದೆ. ಕೆಲವೇ ನೂರು ರೂಪಾಯಿಯ ಬಿಲ್ಲೆ ಉಳಿಸಲು ಹೋಗಿ ಇಡೀ ಪಾಳಿಯ ಕೆಲಸ ನಿಲ್ಲುವುದು ಕಾರ್ಖಾನೆಗಳಲ್ಲಿ ಅಪರೂಪವೇನಲ್ಲ. ಬಾನೆಟ್ಟಿನ ನಟ್ಟುಗಳನ್ನು ಸಾಲಾಗಿ ಬಿಗಿಯಬಾರದು. ಒಂದನ್ನು ಬಿಗಿದ ಮೇಲೆ ಎದುರು ಮೂಲೆಯದು, ಆಮೇಲೆ ಅಡ್ಡದ್ದು, ಅದರೆದುರಿನದು. ಅದೂ ಒಂದೇ ಸಲಕ್ಕಲ್ಲ. ಮೊದಲ ಸುತ್ತಿಗೆ ಮೂರನೆಯ ಒಂದು ಭಾಗ, ಎರಡನೆಯ ಸುತ್ತಿಗೆ ಮೂರನೆಯ ಎರಡು ಭಾಗ, ಮೂರನೆಯ ಸುತ್ತಿಗೆ ಪೂರ್ತಿ. ಟಾರ್ಕ್ ವ್ರೆಂಚ್ ಕಟ್ ಎಂದಾಗ ಕೈ ಬಿಡಬೇಕು.

ಸ್ಟೆಮ್ ಹೊರಬರುವ ಕುತ್ತಿಗೆಯಲ್ಲಿ ಪ್ಯಾಕಿಂಗ್ ಉಂಗುರಗಳು ಒಂದರ ಮೇಲೊಂದು ಕೂರುತ್ತವೆ. ಸುಮಾರು 230 ಡಿಗ್ರಿವರೆಗೆ ಟೆಫ್ಲಾನ್, ಅದಕ್ಕಿಂತ ಬಿಸಿಯಾದರೆ ಗ್ರಾಫೈಟ್. ಉಂಗುರ ಕತ್ತರಿಸಿ ಹಾಕುವ ಜಾತಿಯದಾದರೆ ಒಂದರ ಕತ್ತರಿ ಇನ್ನೊಂದರ ಕತ್ತರಿಯ ಮೇಲೆ ಬರದಂತೆ ತಿರುಗಿಸಿ ಕೂರಿಸಬೇಕು, ಇಲ್ಲವಾದರೆ ಉಗಿಗೆ ನೇರ ಓಣಿ ಬಿಟ್ಟಂತೆ. ಹೊಸಬರು ಹೆಚ್ಚು ತಪ್ಪುವುದು ಇಲ್ಲಿಯೇ. ಸೋರಬಾರದೆಂಬ ಆತಂಕಕ್ಕೆ, ಪ್ಯಾಕಿಂಗನ್ನು ಮೇಲಿಂದ ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ಟುಗಳನ್ನು ಜೋರಾಗಿ ಬಿಗಿಯುತ್ತಾರೆ. ಆಗ ಪ್ಯಾಕಿಂಗ್ ಸ್ಟೆಮ್ಮಿನ ಕತ್ತು ಹಿಡಿಯುತ್ತದೆ. ಕಂಟ್ರೋಲರ್ ಇನ್ನಷ್ಟು ತೆರೆ ಎಂದರೂ ವಾಲ್ವ್ ಕದಲುವುದಿಲ್ಲ. ಗಾಳಿ ಏರಿ ಏರಿ ಹಿಡಿತ ಬಿಟ್ಟಾಗ ಒಮ್ಮೆಲೇ ಹಾರಿ ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತದೆ. ಮತ್ತೆ ಮುಚ್ಚು ಎಂದರೆ ಅದೇ ಆಟ ಹಿಮ್ಮುಖವಾಗಿ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ತಾಪಮಾನದ ಗೆರೆ ಬೆಟ್ಟಗುಡ್ಡದ ಸಾಲಾಗುತ್ತದೆ. ಕಂಪ್ಯೂಟರಿನ ಮುಂದೆ ಕೂತವರು ಲೆಕ್ಕ ಬದಲಿಸಿ ಬದಲಿಸಿ ಸೋಲುತ್ತಾರೆ. ದೋಷ ಇರುವುದು ಎರಡು ನಟ್ಟುಗಳಲ್ಲಿ.

ಎಲ್ಲ ಕೂಡಿದ ಮೇಲೆ ಡಬ್ಬಿಗೆ ಗಾಳಿ ಕೊಟ್ಟು ಸ್ಪ್ರಿಂಗ್ ಹದ ಮಾಡುತ್ತಾರೆ. ಸ್ಪ್ರಿಂಗಿನ ಅಳತೆ 0.2ರಿಂದ 1.0 ಬಾರ್ ಎಂದಿದ್ದರೆ, ವಾಲ್ವ್ 0.2ಕ್ಕೆ ಅಲುಗಲು ಶುರುವಾಗಿ 1.0ಕ್ಕೆ ಓಟ ಮುಗಿಸಬೇಕು. ಆಮೇಲೆ ಪೊಸಿಷನರ್ ಕಟ್ಟಿ 4, 8, 12, 16, 20 ಮಿಲಿಆಂಪಿಯರ್ ಒಂದೊಂದಾಗಿ ಕೊಟ್ಟು, ಸ್ಟೆಮ್ಮಿನ ಮುಳ್ಳು ನಿಂತ ಜಾಗವನ್ನು ಬರೆದುಕೊಳ್ಳುತ್ತಾರೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಏರುವಾಗ ನಿಂತಲ್ಲಿಗೇ ಇಳಿಯುವಾಗಲೂ ಬಂದು ನಿಂತರೆ ಕೆಲಸ ಒಪ್ಪ.

ಸ್ಟೆಮ್ ನಿಂತ ಜಾಗವನ್ನೇ ಕಣ್ಣಿಟ್ಟು ನೋಡಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣವಿದೆ. 1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸಲು ತೆರೆದುಕೊಂಡ ವಾಲ್ವ್ ಮತ್ತೆ ಮುಚ್ಚಲಿಲ್ಲ. ಅದು ಕಂಟ್ರೋಲ್ ವಾಲ್ವಲ್ಲ, ಒತ್ತಡ ಮಿತಿಮೀರಿದರೆ ಹೊರಬಿಡುವ ವಾಲ್ವ್. ನಿಯಂತ್ರಣ ಫಲಕದ ದೀಪವಂತೂ ಮುಚ್ಚಿದೆ ಎಂಬ ನಂಬಿಕೆ ಹುಟ್ಟಿಸಿತು. ಏಕೆಂದರೆ ಆ ದೀಪ ತೋರಿಸುತ್ತಿದ್ದುದು ಮುಚ್ಚಲು ಹೋದ ಸೂಚನೆಯನ್ನು, ವಾಲ್ವ್ ನಿಜವಾಗಿ ನಿಂತ ಸ್ಥಿತಿಯನ್ನಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ರಿಯಾಕ್ಟರಿನ ತಂಪುನೀರು ಹೊರಗೆ ಹೋಗುತ್ತಲೇ ಇತ್ತು. ರಿಯಾಕ್ಟರಿನ ಒಡಲಿನ ಅರ್ಧದಷ್ಟು ಕರಗಿತು. ಕಳಿಸಿದ ಸೂಚನೆ ಬೇರೆ, ನಡೆದ ಕೆಲಸ ಬೇರೆ ಎಂಬುದನ್ನು ಮೇಜಿನ ಮುಂದೆ ನಿಂತ ಹುಡುಗನಿಗೆ ಮೊದಲ ವಾರದಲ್ಲೇ ಕಲಿಸಬೇಕು.

ಜೋಡಿಸಿದ ವಾಲ್ವನ್ನು ಮರೆಯುವಂತಿಲ್ಲ. ಅದರ ದೊಡ್ಡ ಶತ್ರು ಗಾಳಿಯೊಳಗಿನ ನೀರು. ಮಳೆಗಾಲದಲ್ಲಿ ಕಂಪ್ರೆಸರ್ ಎಳೆದುಕೊಂಡ ತೇವ ನಳಿಗೆಯಲ್ಲಿ ಹನಿಗಟ್ಟಿ ಪೊಸಿಷನರಿನ ಸೂಜಿಮೊನೆಯಂಥ ಕಂಡಿಗಳನ್ನು ಕಟ್ಟಿಹಾಕುತ್ತದೆ. ವಾಲ್ವಿನ ಪಕ್ಕದ ಏರ್ ಫಿಲ್ಟರಿನ ತಳದ ತಿರುಪನ್ನು ಪಾಳಿಗೊಮ್ಮೆ ತಿರುಗಿಸಿ ನೀರು ಬಿಡುವುದು ಅರ್ಧ ನಿಮಿಷದ ಕೆಲಸ. ಸ್ಟೆಮ್ಮಿನ ಮೇಲೆ ಧೂಳು ಜಿಡ್ಡು ಕೂರದಂತೆ ಒರೆಸುವುದು, ಡಬ್ಬಿಯ ಉಸಿರುಕಂಡಿಯಲ್ಲಿ ಕಣಜ ಗೂಡು ಕಟ್ಟಿಲ್ಲವೆಂದು ನೋಡುವುದು, ಡಯಾಫ್ರಾಮಿನ ರಬ್ಬರು ಬಿರುಕುಬಿಡುವ ಮೊದಲೇ ಬದಲಿಸುವುದು, ಗ್ಲ್ಯಾಂಡಿನ ಸುತ್ತ ಉಗಿಯ ಎಳೆ ಕಂಡರೆ ಅಂದೇ ಕೈಹಾಕುವುದು. ಇವು ಯಾವ ಪ್ರಶಸ್ತಿಯೂ ಬಾರದ ಕೆಲಸಗಳು, ಆದರೆ ಕಾರ್ಖಾನೆಯ ಕ್ಷೇಮ ಇವುಗಳಲ್ಲೇ ಇದೆ.

ಇಂಥ ಕೈಗಳನ್ನು ತಯಾರಿಸುವ ಶಕ್ತಿ ತುಮಕೂರಿಗೆ ಇದೆ. 1970ರ ದಶಕದ ಕೊನೆಯಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ವಿದ್ಯೆ ಈ ಊರಿಗೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೂ ಆ ಕಾರ್ಖಾನೆಯ ಶಿಸ್ತು, ಧೂಳಿಲ್ಲದ ಮೇಜು, ಕ್ರಮ ತಪ್ಪದ ಜೋಡಣೆ ವಾಲ್ವಿನ ಕೆಲಸಕ್ಕೂ ಹಾಗೆಯೇ ಒಗ್ಗುತ್ತವೆ. ಐಟಿಐಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಕಸುಬಿದೆ. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಊರಲ್ಲೇ ಇದೆ. ತುಮಕೂರಿನಾಚೆ, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳಗಳಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳೇ ಇವೆ. ತಯಾರಿಸುವವರಿಗೆ ಸಿಗುವ ಮಾನ ದುರಸ್ತಿ ಮಾಡುವವರಿಗೂ ಸಿಗಬೇಕು. ಹೊಸ ವಾಲ್ವಿಗೆ ತಯಾರಕರ ಖಾತ್ರಿ ಇರುತ್ತದೆ. ಹಳೆಯದಕ್ಕೆ ಜೋಡಿಸಿದವನ ಕಣ್ಣು ಕೈಗಳೇ ಖಾತ್ರಿ.

ಮೇಜಿನ ಮೇಲಿದ್ದ ವಾಲ್ವ್ ಸಂಜೆಯ ಹೊತ್ತಿಗೆ ಕಾರ್ಖಾನೆ ತಲುಪಿ ಕೊಳವೆಯಲ್ಲಿ ಕೂತಿದೆ. ಬಾಡಿಯ ಮೇಲಿನ ಬಾಣದ ಗುರುತು ಉಗಿ ಹರಿಯುವ ದಿಕ್ಕಿಗೇ ಇದೆಯೆಂದು ಹುಡುಗ ಬೆರಳಿಟ್ಟು ನೋಡಿದ್ದಾನೆ. ಬೈಪಾಸನ್ನು ಕಾಲುಕಾಲು ಸುತ್ತು ಮುಚ್ಚುತ್ತ ಬಂದಂತೆ ವಾಲ್ವ್ ತನ್ನ ಹೊರೆಯನ್ನು ತಾನೇ ಹೊರತೊಡಗಿದೆ. ರಿಜಿಸ್ಟರಿನಲ್ಲಿ ತಾರೀಖು, ವಾಲ್ವಿನ ನಂಬರು, ಹೊಸ ಗ್ಯಾಸ್ಕೆಟ್, ಹೊಸ ಪ್ಯಾಕಿಂಗ್, ಏರುವ ಐದು ಇಳಿಯುವ ಐದು ಅಳತೆ ಬರೆದಾಯಿತು. ಎರಡು ಗಂಟೆ ಕಳೆದು ಲೋಹ ಪೂರ್ತಿ ಬಿಸಿಯಾದ ಮೇಲೆ ಮೇಸ್ತ್ರಿ ಟಾರ್ಚ್ ಹಿಡಿದು ಮತ್ತೆ ಬರುತ್ತಾರೆ. ಗ್ಲ್ಯಾಂಡಿನ ಪಕ್ಕ ಕನ್ನಡಿಯ ತುಂಡು ಹಿಡಿದರೆ ಒಂದು ಕಡೆ ಸಣ್ಣಗೆ ಮಂಜು ಕೂರುತ್ತದೆ. ಎರಡು ನಟ್ಟುಗಳಿಗೂ ಪಾನಾ ಹಾಕಿ, ಸುತ್ತಿನ ಆರರಲ್ಲೊಂದು ಭಾಗ, ಅಷ್ಟೇ ಬಿಗಿಯುತ್ತಾರೆ. ಕನ್ನಡಿ ಒರೆಸಿ ಮತ್ತೆ ಹಿಡಿಯುತ್ತಾರೆ. ಈ ಸಲ ಅದರಲ್ಲಿ ಕಾಣುವುದು ಹೊಳೆಯುವ ಸ್ಟೆಮ್ ಮಾತ್ರ. ಅದು ಒಂದು ಮಿಲಿಮೀಟರಿನಷ್ಟು ಮೇಲೆ ಹೋಗಿ, ಅರ್ಧದಷ್ಟು ಇಳಿದು, ನಿಲ್ಲುತ್ತದೆ.